ಐದನೆಯ ನರೆತ ತಲೆ

ಇಂದ:
ಆದಪ್ಪ ತಂದೆ ದ್ಯಾವಪ್ಪ,
ಹತ್ತಿ ಅಡತಿಯ ಗುಮಾಸ್ತ,
ಮಸ್ಕಿ, ತಾಲ್ಲೂಕು ಲಿಂಗಸುಗೂರು.

ಗೆ:
ಮೆಹರ್ಬಾನ್ ತಹಸೀಲ್ದಾರ ಸಾಹೇಬರು,
ತಾಲ್ಲೂಕು ಲಿಂಗಸುಗೂರು, ಜಿಲ್ಲೆ ರಾಯಚೂರು.

ತಾರೀಖು: ೧೭ ಖುರ್ದಾದ್, ಫಸಲಿ ೧೩೫೧.

ವಿಷಯ: ಫಸಲಿ ೧೩೪೮ರಲ್ಲಿ ಅರ್ಜಿದಾರನ ತಲೆ ಬೆಳ್ಳಗಿತ್ತು ಎಂದು ಮಾನ್ಯ ಮಾಡುವ ಬಗ್ಗೆ.

ಉಲ್ಲೇಖ: ಒಂದು, ಬಿಡುಗಡೆಯಾದ ಹೆಂಡತಿಯನ್ನು ತನಗೆ ವಾಪಸು ಕೊಡಿಸಬೇಕೆಂದು ದಢೇಸುಗೂರಿನ ಬಸ್ಸಪ್ಪನು ತಮ್ಮಲ್ಲಿ ಕೊಟ್ಟಿರುವ ಅರ್ಜಿ. ಎರಡು, ಗುರುಗುಂಟಾ ಪಂಚಾಯಿತಿಯ ಬಿಡುಗಡೆ ಕಾಗದ, ಫಸಲಿ ೧೩೪೮.

ಮಾನ್ಯರೇ,

ಇಪ್ಪತ್ತೊಂದನೆಯ ವಯಸ್ಸಿನಿಂದ ನನ್ನ ತಲೆಯಲ್ಲಿ ಒಂದೂ ಕರಿ ಕೂದಲು ಇರಲಿಲ್ಲ.

ಈ ಅರ್ಜಿ ಉರ್ದುವಿನಲ್ಲಿ ಇರಬೇಕಾಗಿತ್ತು. ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವ ಮೌಲಾಸಾಬ್ ಮೂರು ಸಲ ಕಲಮು ಹಿಡಿದರು, ಮೂರು ಸಲವೂ ನಗು ಬಂದು ಮಸಿ ಚೆಲ್ಲಿದರು. "ಮಾಫ್ ಮಾಡೋ ಆದಪ್ಪ. ನಿನ್ನ ಸಂಕಟ ನನಗ ತಿಳೀತೈತಿ. ಆದ್ರ ನಿನ್ನ ತಲಿ ನೋಡಿಕೋತ ಬರಿಯಾಕ ಆಗವಲ್ದು" ಎಂದರು. ಕಾರಣ ನಾನೇ ಕನ್ನಡದಲ್ಲಿ ಬರೆದಿದ್ದೇನೆ. ತರ್ಜುಮೆ ಮಾಡುವವರು ನನ್ನನ್ನು ನೋಡದೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ.

೧. ರಾಯಚೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನನಗೆ ಇಪ್ಪತ್ತೆಂಟು ದಿನ ಜ್ವರ ಬಂತು. ಜ್ವರ ಹೋಯಿತು. ಆರು ತಿಂಗಳಲ್ಲಿ ಕೂದಲಿನ, ಹುಬ್ಬಿನ ಬಣ್ಣವೂ ಹೋಯಿತು. ಇದರಲ್ಲಿ ದೇವರ ಕೈ ಇದೆ ಎಂದು ಊರಿನವರು ಹೇಳುತ್ತಾರೆ, ನಾನು ಹೇಳುವುದಿಲ್ಲ. ಮುಖ, ಹಲ್ಲು, ಮೊಣಕಾಲು ವಯಸ್ಸಿಗೆ ತಕ್ಕಂತೆಯೇ ಇದ್ದವು. ಹಾಸ್ಟೆಲಿನಲ್ಲಿ ರುಮಾಲು ಸುತ್ತುವುದನ್ನು ಬಿಟ್ಟಿದ್ದರಿಂದ ಊರಿಗೆ ಬಂದ ಮೇಲೂ ಬರಿತಲೆಯಲ್ಲೇ ತಿರುಗಿದೆ. ಹಿಂದಿನಿಂದ ಬಂದವರು ಕೈಮುಗಿಯುತ್ತಿದ್ದರು, ಮುಂದೆ ಬಂದು ಕೈ ಇಳಿಸುತ್ತಿದ್ದರು.

೨. ಫಸಲಿ ೧೩೪೮ರಲ್ಲಿ ನಮ್ಮ ಜನದ ಯಮನಮ್ಮ ಎಂಬಾಕೆಯನ್ನು ಗಂಡನಿಂದ ಬಿಡಿಸುವ ಬಿಡುಗಡೆಯ ಪಂಚಾಯಿತಿ ಗುರುಗುಂಟಾದಲ್ಲಿ ಸೇರಿತು. ಆಕೆ ಅದೇ ಊರಿನವಳು. ಆಕೆಯನ್ನು ಮೇಲೆ ಹೇಳಿದ ಬಸ್ಸಪ್ಪನಿಗೆ ಕೊಟ್ಟಿತ್ತು. ನಮ್ಮಲ್ಲಿ ಹೆಣ್ಣಿಗೆ ಬಿಡುಗಡೆ ಕೊಡಬೇಕಾದರೆ ತಲೆ ನರೆತ ಐವರು ಕೂರಬೇಕು: ಗಂಡನ ಕಡೆಯವರು ಇಬ್ಬರು, ಹೆಂಡತಿಯ ಕಡೆಯವರು ಇಬ್ಬರು, ಯಾರ ಕಡೆಯವರೂ ಅಲ್ಲದ ಒಬ್ಬರು. ಐದನೆಯವರಾಗಿ ಹೋಗಬೇಕಿದ್ದ ಮಸ್ಕಿಯ ಹಿರಿಯರು ಬಂಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರು ಬರುವುದಿಲ್ಲ ಎಂದು ತಿಳಿಸುವುದಷ್ಟೇ ನನ್ನ ಕೆಲಸ. ತಿಳಿಸಿ, ಕಂಬಕ್ಕೆ ಒರಗಿ ಆ ಕಡೆ ಮುಖ ಮಾಡಿ ಕುಳಿತಿದ್ದೆ. ಹೆಂಡತಿಯ ಕಡೆಯ ಹಿರಿಯರಾದ ನರಸಣ್ಣನವರಿಗೆ ನನ್ನ ತಲೆ ಮಾತ್ರ ಕಂಡಿತು.

"ಕಂಬದ ಹತ್ರ ಕುಂತ ಯಜಮಾನ್ರನ್ನ ಮುಂದಕ್ಕ ಕರೀರಿ. ಐದು ಮಂದಿ ಆದ್ವಿ."

ನಾನು ಎದ್ದು ತಿರುಗಿದೆ.

"ಇವ್ನೌನ, ಹರೇದ ಹುಡುಗ ಅದಾನ!" (ನರಸಣ್ಣನವರ ಮಾತನ್ನು ಇದ್ದ ಹಾಗೆಯೇ ಬರೆದಿದ್ದೇನೆ.)

"ಮಾರಿ ಯಾಕ ನೋಡ್ತೀರಿ, ತಲಿ ನೋಡ್ರಿ" ಎಂದರು ಬಸ್ಸಪ್ಪನ ಕಡೆಯ ಹಿರಿಯರೊಬ್ಬರು. "ಬಂಡಿ ಕಟ್ಗೊಂಡು ಸಿಂಧನೂರು ದಾಟಿ ಬಂದೀವಿ. ಇನ್ನೊಬ್ಬನ್ನ ಹುಡುಕ್ಕೋತ ಯಾರು ಕುಂದ್ರತಾರ?"

ಅಂದರೆ ನನ್ನನ್ನು ಕೂರಿಸಿದವರು ಬಸ್ಸಪ್ಪನ ಕಡೆಯವರೇ. ಇದನ್ನು ತಾವು ಗಮನಿಸಬೇಕು.

೩. ನರಸಣ್ಣನವರು ಯಮನಮ್ಮನನ್ನು ಕಾರಣ ಕೇಳಿದರು. ಆಕೆ ನಿಂತುಕೊಂಡೇ ಹೇಳಿದಳು: "ಉಣ್ಣಾಕ ದಿನಕ್ಕ ಎರಡು ಹೊತ್ತು ಹಾಕ್ತಾನ್ರೀ. ಬಡಿಯಾಕ ಹೊತ್ತು ಗೊತ್ತು ಇಲ್ರೀ."

ಬಸ್ಸಪ್ಪ ನಕ್ಕ. "ಯಾರು ಬಡಿಯಂಗಿಲ್ಲ? ಇಲ್ಲಿ ಕುಂತ ಹಿರ್ಯಾರನ್ನ ಕೇಳ್ರಿ."

ನಾಲ್ವರು ಹಿರಿಯರು ನೆಲ ನೋಡಿದರು. ನನಗೆ ಹೆಂಡತಿ ಇರಲಿಲ್ಲವಾದ್ದರಿಂದ ನೆಲ ನೋಡುವ ಕಾರಣವಿರಲಿಲ್ಲ, ಆಕೆಯನ್ನು ನೋಡಿದೆ. ಎಡಗೈ ಮೊಣಕೈಯ ಕೆಳಗೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಗಂಡನ ಕಡೆಯ ಇಬ್ಬರು ಬಿಡುಗಡೆ ಬೇಡವೆಂದರು, ಹೆಂಡತಿಯ ಕಡೆಯ ಇಬ್ಬರು ಬೇಕೆಂದರು. ನಾನು ಬೇಕೆಂದೆ. ಕಾರಣ ಬಿಡುಗಡೆ ಆಯಿತು. "ತಲೆ ನರೆತ ಐವರ ಸಮಕ್ಷಮ" ಎಂದು ಕಾಗದ ಬರೆಯಲಾಯಿತು. ನಾಲ್ಕು ಹೆಬ್ಬೆಟ್ಟು, ಒಂದು ರುಜು. ರುಜು ನನ್ನದು.

೪. ಅದಾದ ಮೇಲೆ ಗೋಡೆ, ಬದು, ಬಾವಿಯ ಪಾಳಿ ಎಂದು ಹತ್ತೊಂಬತ್ತು ಪಂಚಾಯಿತಿಗಳಿಗೆ ನನ್ನನ್ನು ಕರೆದು ಮುಂದಿನ ಕಂಬಳಿಯ ಮೇಲೆ ಕೂರಿಸಿದರು. ನನಗೆ ಅದು ರುಚಿಸಿತು. ಮುಚ್ಚಿಡುವುದಿಲ್ಲ.

೫. ಅಡತಿಯ ಕೆಲಸದ ಮೇಲೆ ವಾರಕ್ಕೊಮ್ಮೆ ನಾನು ಲಿಂಗಸುಗೂರಿನ ಸಂತೆಗೆ ಬರುತ್ತೇನೆ. ಯಮನಮ್ಮ ಅಲ್ಲಿ ಬೆಣ್ಣೆ ಮಾರುತ್ತಾಳೆ. ಮೊದಲ ಸಲ ನನ್ನನ್ನು ಕಂಡಾಗ ಸುತ್ತಲಿನ ಹೆಂಗಸರಿಗೆ ಕೇಳುವ ಹಾಗೆ, "ಬರ್ರಿ ಅಜ್ಜಾರ, ಬೆಣ್ಣಿ ತಗೋರಿ. ಹಲ್ಲಿಲ್ಲದವ್ರಿಗೂ ನಡೀತೈತಿ" ಎಂದಳು.

"ನನಗ ಹಲ್ಲು ಅದಾವ."

"ಎಷ್ಟು ಅದಾವ್ರೀ?"

"ಮೂವತ್ತೆರಡು."

"ಹಂಗಾದ್ರ ತಲಿಗೂ ಹಲ್ಲಿಗೂ ಯಾರಾರ ಪಂಚಾಯ್ತಿ ಮಾಡ್ಬೇಕು ಬಿಡ್ರಿ."

ಒಂದು ವರ್ಷ ನಾನು ಬೆಣ್ಣೆ ಕೊಂಡೆ. ನಮ್ಮ ಮನೆಯಲ್ಲಿ ಬೆಣ್ಣೆ ತಿನ್ನುವವನು ನಾನೊಬ್ಬನೇ. ವರ್ಷದ ಕೊನೆಗೆ ಕೇಳಬೇಕಾದದ್ದನ್ನು ಕೇಳಿದೆ. ಆಕೆ ಹೂಂ ಎಂದಳು. ತನ್ನನ್ನು ಸಾಕಿದ ದೊಡ್ಡವ್ವ ಪಕೀರಮ್ಮ ಒಪ್ಪಬೇಕು ಎಂದೂ ಹೇಳಿದಳು.

೬. ಪಕೀರಮ್ಮ ಮಸ್ಕಿಗೆ ವರನನ್ನು ನೋಡಲು ಬಂದರು. ಪಂಚಾಯಿತಿಯ ದಿನ ಅವರು ಬಂದಿರಲಿಲ್ಲವಾದ್ದರಿಂದ ನನ್ನನ್ನು ಕಂಡಿರಲಿಲ್ಲ. ನಾನು ನೀರು ಕೊಟ್ಟೆ. ಕುಡಿದು ತಂಬಿಗೆ ಇಟ್ಟರು.

"ಕುಂದ್ರಿ ಅಜ್ಜಾರ, ನಿಮಗ್ಯಾಕ ತ್ರಾಸು. ಮೊಮ್ಮಗನ್ನ ಕರೀರಿ, ಹುಡುಗನ್ನ ನೋಡೂಣು."

"ಹುಡುಗ ನಾನ ರೀ."

ಅವರು ಇನ್ನೊಂದು ತಂಬಿಗೆ ನೀರು ಕೇಳಿದರು. ನನಗೆ ಇಪ್ಪತ್ತಾರು ಎಂದು ಹೇಳಿದೆ.

"ನಿನ್ನ ಇಪ್ಪತ್ತಾರು ನಿನಗ ಗೊತ್ತೈತೆಪ್ಪ. ಊರ ಮಂದಿಗೆ ಯಾರು ಹೇಳ್ಬೇಕು? ನಾ ಡಂಗುರ ಹೊಡಿಸ್ಲೇನು? ಒಂದು ಸಲ ಬಡಿಸಿಕೊಂಡು ಬಂದ ಹುಡುಗಿ. ಈಗ ಮುದುಕಗ ಕೊಟ್ಟೆ ಅನ್ನಿಸಿಕೊಳ್ಳಂಗಿಲ್ಲ ನಾನು. ಕರ್ರಗ ಮಾಡ್ಕೊಂಡು ಬಾ, ಮಾತಾಡೂಣು."

೭. ಆದ್ದರಿಂದ ಕರ್ರಗೆ ಮಾಡಿಕೊಳ್ಳುವ ಕೆಲಸ ಮನೆಯಲ್ಲೇ ಶುರುವಾಯಿತು.

(ಅ) ಪಕ್ಕದ ಮನೆಯ ಜಮೀಲಾಬೀ ಇಪ್ಪತ್ತು ವರ್ಷದಿಂದ ತಮ್ಮ ಯಜಮಾನರ ಗಡ್ಡಕ್ಕೆ ಬಣ್ಣ ಹಚ್ಚುತ್ತ ಬಂದವರು. "ಮೊದಲ ಮೆಹಂದಿ ಹಚ್ಚು ಬೇಟಾ. ತೊಳಿ. ಮರುದಿನ ನೀಲಿ ಸೊಪ್ಪು ಅರದು ಹಚ್ಚು. ನಡುವ ಗಡಿಬಿಡಿ ಮಾಡಬ್ಯಾಡ" ಎಂದರು. ಮೆಹಂದಿ ಹಚ್ಚಿ ತೊಳೆದೆ. ತಲೆ ಇಟ್ಟಿಗೆಯ ಬಣ್ಣಕ್ಕೆ ಬಂತು. ಅಡತಿಗೆ ಹೋಗಲೇಬೇಕಿತ್ತು, ಹೋದೆ. ನನ್ನನ್ನು ಐವತ್ತು ಎನ್ನುತ್ತಿದ್ದವರು ಆ ದಿನ ಎಪ್ಪತ್ತು ಎಂದರು. ಮೋಟಾರು ಬಸ್ಸಿನಲ್ಲಿ ಒಬ್ಬ ಮುದುಕ ಎದ್ದು ನನಗೆ ಜಾಗ ಬಿಟ್ಟುಕೊಟ್ಟ.

(ಆ) ಇದರಿಂದ ಗಾಬರಿಯಾಗಿ, ಮೆಹಂದಿಯನ್ನು ಸೀಗೆಕಾಯಿ ಹಾಕಿ ಆದಷ್ಟು ಉಜ್ಜಿ ತೆಗೆದು, ಆ ಮೇಲೆ ನೀಲಿ ಹಚ್ಚಿದೆ. ನೀಲಿ ಹಿಡಿಯಲು ಮೆಹಂದಿ ಇರಬೇಕಿತ್ತಂತೆ. ತಲೆ ಹಸಿರಾಯಿತು. ಜಮೀಲಾಬೀ ಬಾಗಿಲಲ್ಲಿ ನಿಂತು, "ಯಾ ಅಲ್ಲಾ! ತಲಿ ಮ್ಯಾಲ ಗಿಣಿ ಕುಂತಂಗ ಆಗ್ಯದಲ್ಲೋ! ನಾ ಹೇಳಿದ್ದೇನು, ನೀ ಮಾಡಿದ್ದೇನು?" ಎಂದರು. ಎಂಟು ದಿನ ರುಮಾಲು ಸುತ್ತಿದೆ.

(ಇ) ಮೂರನೆಯದು ನನ್ನದೇ ವಿಚಾರ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಅಗಸರು ಬಟ್ಟೆಗೆ ಕೇರುಬೀಜದ ರಸದಿಂದ ಗುರುತು ಹಾಕುತ್ತಾರೆ. ಬಟ್ಟೆ ಹರಿದರೂ ಆ ಕಪ್ಪು ಹೋಗುವುದಿಲ್ಲ. ಬಟ್ಟೆ ಹತ್ತಿಯ ಎಳೆ, ಕೂದಲೂ ಎಳೆ; ಆದಕಾರಣ ಇದೂ ಹೋಗಬಾರದು ಎಂದು ತರ್ಕ ಮಾಡಿದೆ. ನಮ್ಮ ಅಗಸನನ್ನು ಬೀಜ ಕೇಳಿದಾಗ ಅವನು, "ಬಟ್ಟಿಗೆ ಚರ್ಮ ಇರಂಗಿಲ್ರೀ" ಎಂದ. ಈ ಮಾತನ್ನು ನಾನು ಸರಿಯಾಗಿ ವಿಚಾರ ಮಾಡಲಿಲ್ಲ. ರಸವನ್ನು ಕುಸುಬೆ ಎಣ್ಣೆಯಲ್ಲಿ ತೆಳ್ಳಗೆ ಮಾಡಿ ತಲೆಗೆ, ಹುಬ್ಬಿಗೆ ಹಚ್ಚಿಕೊಂಡೆ.

೮. ತಲೆ ಕರ್ರಗಾಯಿತು. ಅಷ್ಟು ಕಪ್ಪು ತಲೆ ನನಗೆ ಹದಿನೆಂಟರಲ್ಲೂ ಇರಲಿಲ್ಲ. ಮರುದಿನ ಗುರುಗುಂಟಾಕ್ಕೆ ಹೋದೆ. ಪಕೀರಮ್ಮ ನನ್ನನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಎರಡು ಸುತ್ತು ಬಂದು, "ಈಗ ಹುಡುಗ ಕಂಡ" ಎಂದರು. ಮದುವೆ ಮಾತಾಯಿತು.

ಅದರ ಮರುದಿನ ಲಿಂಗಸುಗೂರಿನ ಸಂತೆ. ಯಮನಮ್ಮನ ಬೆಣ್ಣೆಯ ಗಡಿಗೆಯ ಹತ್ತಿರ ನಿಂತಿದ್ದೆ. ಆಕೆ ಮುಖ ಎತ್ತಿ ನನ್ನ ತಲೆ ನೋಡಿದಳು. ಅಷ್ಟರಲ್ಲಿ ಎತ್ತು ಮಾರಲು ಬಂದು, ಮದುವೆಯ ಸುದ್ದಿ ಸಂತೆಯಲ್ಲಿ ಕೇಳಿದ್ದ ಬಸ್ಸಪ್ಪ ಎದುರಿಗೆ ಬಂದ. ಮೊದಲು ನನ್ನ ಗುರುತು ಹತ್ತಲಿಲ್ಲ. ಆಮೇಲೆ ಹತ್ತಿತು.

"ಹೌದೌದು! ಐದನೇ ಹಿರ್ಯಾ ನೀನ ಅಲ್ಲೇನಲೇ? ನೋಡ್ರೋ ಇಲ್ಲಿ, ನನ್ನ ಹೆಂಡ್ತಿ ಪಂಚಾಯ್ತಿ ಮಾಡಿದ ಮುದುಕ! ತಲಿಗೆ ಸುಣ್ಣ ಬಡಕೊಂಡು ಬಂದು ಆಕೀನ ಬಿಡಿಸ್ಯಾನ, ಈಗ ತೊಳಕೊಂಡು ಮದುವಿ ಆಗಾಕತ್ತಾನ!"

ಸಂತೆಯ ಜನ ನೋಡಿದರು. ನನ್ನ ತಲೆ ಕರ್ರಗಿತ್ತು. ನನ್ನ ಮಾತಿಗೆ ಸಾಕ್ಷಿಯಾಗಬೇಕಿದ್ದದ್ದು ಅದೊಂದೇ, ಅದು ಅವನ ಕಡೆ ಸೇರಿತ್ತು. ಉಲ್ಲೇಖದಲ್ಲಿನ ಮೊದಲನೆಯ ಅರ್ಜಿ ಅದೇ ದಿನ ತಮ್ಮಲ್ಲಿಗೆ ಬಂದಿದೆ. ಅದರ ವಾದ ಇದು: ಐವರಲ್ಲಿ ಒಬ್ಬ ಸುಳ್ಳು ಹಿರಿಯ. ಅವನನ್ನು ಬಿಟ್ಟರೆ ಇಬ್ಬರು ಇತ್ತ, ಇಬ್ಬರು ಅತ್ತ. ಆದಕಾರಣ ಬಿಡುಗಡೆ ರದ್ದು, ಹೆಂಡತಿ ವಾಪಸು. ಲೆಕ್ಕ ಸರಿಯಾಗಿದೆ. ಬಸ್ಸಪ್ಪ ದಡ್ಡನಲ್ಲ.

೯. ಆ ಸಂಜೆಯೇ ತಲೆ ಉರಿಯಲು ಶುರುವಾಯಿತು. ಬೆಳಗಿನ ಹೊತ್ತಿಗೆ ಗುಳ್ಳೆ ಎದ್ದು ಕಣ್ಣು ಮುಚ್ಚಿದವು. ಒಂದು ವಾರದಲ್ಲಿ ಕೂದಲು, ಹುಬ್ಬು ಚರ್ಮದ ಸಮೇತ ಪದರು ಪದರಾಗಿ ಬಂತು. ಈಗ ತಲೆ ಬೆಳ್ಳಗೂ ಇಲ್ಲ, ಕರ್ರಗೂ ಇಲ್ಲ. ಸುಟ್ಟ ಬದನೆಕಾಯಿ ಸುಲಿದ ಹಾಗಿದೆ. ಮೌಲಾಸಾಬರ ನಗುವಿನ ಕಾರಣ ಇದೇ.

ಯಮನಮ್ಮ ಮಸ್ಕಿಗೆ ಬಂದು ನೋಡಿದಳು. ಆ ತನಕ ನನಗೆ ಬಹುವಚನ ಹಚ್ಚುತ್ತಿದ್ದವಳು ಅಂದು ಹಚ್ಚಲಿಲ್ಲ.

"ಬಿಳಿ ತಲಿಗೆ ಏನಾಗಿತ್ತು ನಿನಗ? ಅದನ್ನ ನೋಡೇ ನಾ ಹೂಂ ಅಂದಿದ್ನೆಲ್ಲ."

"ನಿಮ್ಮ ದೊಡ್ಡವ್ವ..."

"ದೊಡ್ಡವ್ವಗ ಎರಡು ತಿಂಗಳು ಅನ್ನಾಕ ಬಿಟ್ಟಿದ್ರ ತಾನ ಸುಮ್ಮನಾಗ್ತಿದ್ದಳು. ಈಗ ನಾ ಏನು ಮಾಡ್ಲಿ? ಇನ್ನೊಂದು ಕೈ ನೆಟ್ಟಗೈತಿ. ಅದನ್ನೂ ಮುರಿಸಿಕೊಳ್ಳಾಕ ದಢೇಸುಗೂರಿಗೆ ಹೋಗ್ಲೇನು?"

ಆಕೆ ಹೋಗಬಾರದು. ಅದಕ್ಕಾಗಿಯೇ ಈ ಅರ್ಜಿ.

೧೦. ನರಸಣ್ಣನವರಲ್ಲಿಗೆ ಹೋಗಿ, ಆ ದಿನ ನನ್ನ ತಲೆ ನಿಜವಾಗಿ ನರೆತಿತ್ತು ಎಂದು ತಮ್ಮ ಮುಂದೆ ಸಾಕ್ಷಿ ನುಡಿಯಬೇಕೆಂದು ಕೇಳಿದೆ.

"ನುಡೀತೀನಿ" ಎಂದರು. "ಆದ್ರ ಒಂದು ತಿಳ್ಕೊ. ನೀ ಹಿರ್ಯಾ ಅಂತ ನಾ ಹೇಳಿದ ಮ್ಯಾಲ ನೀ ಹಿರ್ಯಾನ. ಬಿಡುಗಡಿ ಕೊಟ್ಟ ಹಿರ್ಯಾ ಅಂದ್ರ ಆಕಿಗೆ ತಂದಿ ಇದ್ದಂಗ. ಮುಂಜಾನಿ ತಂದಿ ಅನ್ನಿಸಿಕೊಂಡು ಸಂಜಿಗೆ ಬಾಸಿಂಗ ಕಟ್ಟಿಕೊಂಡ್ರ ನನ್ನ ಸಾಕ್ಷಿ ಯಾರು ನಂಬ್ತಾರ? ಬಸ್ಸಪ್ಪ ಅದನ್ನ ಕಾಯಾಕತ್ತಾನ."

ನಾನು ಬೇರೆ ದಾರಿ ಹುಡುಕಿದೆ. ಇಲ್ಲ. ಮದುವೆಯಾದರೆ ಬಸ್ಸಪ್ಪನ ಮಾತು ನಿಜವಾಗುತ್ತದೆ, ಕಾಗದ ಬೀಳುತ್ತದೆ, ಕಾಗದ ಬಿದ್ದರೆ ಆಕೆ ದಢೇಸುಗೂರಿನ ಹೆಂಡತಿ. ಕಾರಣ ನನ್ನ ಮದುವೆಯೂ ಸಿಂಧುವಾಗುವುದಿಲ್ಲ.

ಇದನ್ನು ಸಂತೆಯಲ್ಲಿ ಯಮನಮ್ಮನಿಗೆ ಹೇಳಿದೆ. ಆಕೆ ಒಬ್ಬರಿಗೆ ಬೆಣ್ಣೆ ತೂಗಿ ಕೊಟ್ಟಳು. ಇನ್ನೊಬ್ಬರಿಗೆ ತೂಗಿ ಕೊಟ್ಟಳು. ಆಮೇಲೆ "ಆತ್ರೀ, ಹಿರ್ಯಾರ" ಎಂದಳು.

೧೧. ಇನ್ನು ದಾಖಲೆಯ ವಿಷಯ. ಹೋದ ವರ್ಷ ಜನಗಣತಿಯವರು ಬಂದಾಗ ನಾನು ಬಾಗಿಲಿಗೆ ಬೆನ್ನು ಮಾಡಿ ಊಟಕ್ಕೆ ಕುಳಿತಿದ್ದೆ. ಅವರು ನನ್ನ ತಲೆ ನೋಡಿ ವಯಸ್ಸು ಐವತ್ತೈದು ಎಂದು ಬರೆದುಕೊಂಡು ಹೋದರು. ತಿದ್ದಬೇಕೆಂದು ಆಗಲೇ ಅರ್ಜಿ ಕೊಟ್ಟಿದ್ದೇನೆ. ಅದು ಇನ್ನೂ ವಿಚಾರಣೆಯಲ್ಲಿದೆ. ತಡವಾದದ್ದು ಒಳ್ಳೆಯದೇ ಆಯಿತು. ನನ್ನ ತಲೆ ಬೆಳ್ಳಗಿತ್ತು ಎನ್ನಲು ಈಗ ತಲೆಯ ಮೇಲೆ ಏನೂ ಇಲ್ಲ. ಸರಕಾರದ ದಫ್ತರದಲ್ಲಿ ಇದೆ. ಐವತ್ತೈದು ನಿಜವೆಂದು ನಾನು ಹೇಳುತ್ತಿಲ್ಲ. ದಫ್ತರದಲ್ಲಿದೆ ಎಂದು ಹೇಳುತ್ತಿದ್ದೇನೆ.

ಆದ್ದರಿಂದ ತಾವು ದಯಮಾಡಿ,

ವಯಸ್ಸು ತಿದ್ದುವಂತೆ ನಾನು ಕೊಟ್ಟ ಅರ್ಜಿಯನ್ನು ವಜಾ ಮಾಡಿ, ಈ ವರ್ಷಕ್ಕೆ ನನ್ನ ವಯಸ್ಸನ್ನು ಐವತ್ತಾರು ಎಂದು ಕಾಯಂ ಮಾಡಬೇಕು. ಆ ಆಧಾರದ ಮೇಲೆ, ಗುರುಗುಂಟಾದಲ್ಲಿ ಕುಳಿತವರು ತಲೆ ನರೆತ ಐವರೇ ಎಂದು ಮಾನ್ಯ ಮಾಡಿ ಯಮನಮ್ಮನ ಬಿಡುಗಡೆಯನ್ನು ಎತ್ತಿಹಿಡಿಯಬೇಕು. ಬರುವ ತೀರ್ ತಿಂಗಳ ೫ರ ವಿಚಾರಣೆಗೆ ನಾನು ಹಾಜರಾಗುತ್ತೇನೆ. ರುಮಾಲು ತೆಗೆಯಲು ಹುಕುಂ ಆದರೆ ತೆಗೆಯುತ್ತೇನೆ. ಆದರೆ ಕಚೇರಿಯ ಸಿಬ್ಬಂದಿ ನಗದಂತೆ ಮೊದಲೇ ತಾಕೀತು ಆಗಬೇಕು, ಯಾಕೆಂದರೆ ಬಸ್ಸಪ್ಪನೂ ಅಲ್ಲೇ ಇರುತ್ತಾನೆ.

ಐವತ್ತಾರು ವರ್ಷದ, ತಮ್ಮ ವಿಶ್ವಾಸಿ,
ಆದಪ್ಪ

ಅಡಕ:
ಬಿಡುಗಡೆ ಕಾಗದದ ನಕಲು, ಒಂದು.
ನರಸಣ್ಣನವರ ಹೇಳಿಕೆ, ಹೆಬ್ಬೆಟ್ಟಿನ ಸಮೇತ, ಒಂದು.
ಅರ್ಜಿದಾರನ ಬಿಳಿ ಕೂದಲು, ಬಣ್ಣ ಹಚ್ಚುವ ಮುಂಚಿನದು, ಹಳೆಯ ಬಾಚಣಿಗೆಯಿಂದ ಬಿಡಿಸಿದ್ದು, ಹನ್ನೊಂದು ಎಳೆ.

ಷರಾ: ಈ ಬಾಬಿನಲ್ಲಿ ಅರ್ಜಿದಾರನಿಗೆ ಆದ ನಷ್ಟ: ತಲೆಗೂದಲು ಪೂರ್ತಿ, ಹುಬ್ಬು ಎರಡು, ವಯಸ್ಸು ಮೂವತ್ತು ವರ್ಷ, ಮದುವೆ ಒಂದು.