ನೀರಿಲ್ಲದ ಡೋಣಿ, ತಳ ಹತ್ತಿದ ಹುಗ್ಗಿ

ಎಪ್ಪತ್ತೆರಡನೇ ವರ್ಷಕ್ಕ ನಾ ಡೋಣಿ ನಡಸೋದು ಕಲತೆ. ಹೊಳ್ಯಾಗಲ್ಲ, ಕೆರ್ಯಾಗಲ್ಲ, ಬೆಟಗೇರಿಯೊಳಗ, ಮಾಳಿಗಿ ಮ್ಯಾಲ, ಫ್ಯಾನಿನ ಕೆಳಗ. ನಳಕ್ಕ ನೀರ ಬಂದ ದಿನ ಹಬ್ಬ ಮಾಡೋ ಮಂದಿ ನಾವು, ಡೋಣಿಗೆ ನೀರ ಎಲ್ಲಿಂದ ತರೂಣ್ರಿ? ಈ ಡೋಣಿಗೆ ನೀರ ಬೇಕಿಲ್ಲ. ಇದನ್ನ ಮಾಡಿದವ ಬೆಟಗೇರಿ ನೋಡೇ ಮಾಡಿರಬೇಕು.

ನಗಬ್ಯಾಡ್ರಿ. ನಗೋ ಮಂದಿ ನಮ್ಮ ಮನ್ಯಾಗ ಬೇಕಾದಷ್ಟ ಅದಾರ. ಮಗ ನಂದೀಶ, ‘ಯವ್ವಾ, ಈ ವಯಸ್ಸಿನ್ಯಾಗ ಮೂಲ್ಯಾಗ ಕುಂತು ಜಪಾ ಮಾಡಬಾರದ?’ ಅಂದ. ‘ಮೂಲ್ಯಾಗ ಕುಂಡ್ರಾಕ ನಾ ಏನ ಕಸಬರಿಗಿ ಏನೋ?’ ಅಂದೆ.

ಮೊಮ್ಮಗಳು ಶೀತಲ್ ಹೆಣ್ಣಮಕ್ಕಳ ಜಿಮ್ಮು ತಗದಾಳ. (ನಾ ಗರಡಿಮನಿ ಅಂತೀನಿ. ಆಕಿಗೆ ಸಿಟ್ಟ ಬರತೈತಿ.) ಅಲ್ಲಿ ಒಂದು ಡೋಣಿ ಮಷಿನ್ ಐತಿ. ಉದ್ದನ್ನ ಕಬ್ಬಿಣದ ಹಲಗಿ, ಅದರ ಮ್ಯಾಲ ಕುಂಡ್ರಾಕ ಹಿಂದ ಮುಂದ ಜಾರೋ ಒಂದು ಮಣಿ, ಕಾಲಿಗೆ ಪಟ್ಟಿ, ಮುಂದ ಸರಪಳಿ, ಸರಪಳಿಗೆ ಹಿಡಿಕಿ. ಹಿಡಿಕಿ ಜಗ್ಗಿದ್ರ ಮುಂದಿನ ಚಕ್ರ ಭರ್ರ್ ಅಂತೈತಿ, ಎಷ್ಟು ದೂರ ಹೋದಿ ಅಂತ ಒಂದು ಸಣ್ಣ ಟಿವಿ ಹೇಳತೈತಿ. ಕುಂತಲ್ಲೇ ಇರತೀರಿ, ಆದ್ರ ದೂರ ಹೋಗಿರತೀರಿ. ‘ಮೊದಲ ಕಾಲಿಲೆ ಒದಿ, ಆಮ್ಯಾಲ ಬೆನ್ನು, ಕಡೀಕ ಕೈ’ ಅಂತ ಶೀತಲ್ ಹೇಳಿಕೊಡಾಕ ಬಂದ್ಲು. ಹುಚ್ಚಿ. ನನ್ನ ತವರಮನಿ ಹಿರೇವಡ್ಡಟ್ಟಿ. ಅಲ್ಲಿ ಹನ್ನೆರಡ ಮಾರ ಆಳದ ಬಾವ್ಯಾಗಿಂದ ಹಿತ್ತಾಳಿ ಕೊಡ ಜಗ್ಗಿದಾಕಿ ನಾನು. ಬಾವಿ ಕಲ್ಲಿಗೆ ಕಾಲ ಕೊಟ್ಟು, ಬೆನ್ನ ಹಿಂದ ಮಾಡಿ, ಕೈ ಎದಿಗೆ ತಂದು. ಕೊಡ ಇಲ್ಲ, ನೀರಿಲ್ಲ ಅನ್ನೋದ ಬಿಟ್ರ ಎಲ್ಲಾ ಅದ.

ನಮ್ಮ ಬೀಗತಿ ಸಾವಕ್ಕ ಬರೋತನಕ ಎಲ್ಲಾ ಛಲೋ ನಡದಿತ್ತು.

ಸಾವಕ್ಕ ಅಂದ್ರ ನಮ್ಮ ಸೊಸಿ ಸುನಿತಾನ ಅವ್ವ, ಶಿಗ್ಲಿಯಾಕಿ. ನನಗಿಂತ ಎರಡ ವರ್ಷ ಸಣ್ಣಾಕಿ. ಅದನ್ನ ದಿನಕ್ಕ ಎರಡ ಸಲ ನೆನಪು ಮಾಡತಾಳ. ಯಾರೋ ಬಸರಿ ಹೆಂಗಸಿನ ಕುಬಸಕ್ಕ ಬಂದಾಕಿ ಎಂಟ ದಿನ ಇದ್ಲು. ನಾ ಜಗ್ಗೋದು ನೋಡಿ ಬಾಯಿಗೆ ಸೆರಗ ಹಿಡದು, ‘ಏನ್ರಿ ಬೀಗತ್ಯಾರ, ಕುಂತಲ್ಲೇ ಊರ ಸುತ್ತಾಕತ್ತೀರಿ?’ ಅಂದ್ಲು.

‘ನೀವೂ ಕುಂಡ್ರಿ, ಗೊತ್ತಾಗತೈತಿ.’

ಕುಂತ್ಲು. ಕಚ್ಚಿ ಹಾಕಿ ಕುಂತ್ಲು. ಐದನೂರು ಮೀಟರ್ ಮುಟ್ಟಾಕ ನನಗ ಮೂರ ನಿಮಿಷ ಇಪ್ಪತ್ತ ಸೆಕೆಂಡು ಹಿಡದಿತ್ತು. ಆಕಿ ಮೂರ ನಿಮಿಷ ಹದಿನೆಂಟಕ್ಕ ಮುಟ್ಟಿದ್ಲು. ಎರಡ ಸೆಕೆಂಡು ಅಂದ್ರ ಎಷ್ಟರಿ? ಒಂದ ಸೀನು ಸೀನೋದರೊಳಗ ಮುಗೀತೈತಿ. ಆದ್ರ ರಾತ್ರಿ ಊಟಕ್ಕ ಕುಂತಾಗ ಅದ ಎರಡ ಸೆಕೆಂಡು ಎರಡ ತಾಸು ನಡೀತು.

‘ನಮ್ಮ ಶಿಗ್ಲಿ ನೀರ ಹಂಗೈತ್ರಿ ಬೀಗತ್ಯಾರ. ಕುಡದ್ರ ರಟ್ಟಿಗೆ ಬಲ ಬರತೈತಿ.’

‘ಅಷ್ಟ ಛಲೋ ನೀರಿದ್ರ ಹುಗ್ಗಿ ಯಾಕ ತಳ ಹತ್ತಿತ್ತರಿ?’

ಸುನಿತಾ ಸಾರಿನ ಸೌಟು ಕೆಳಗಿಟ್ಲು. ‘ಅತ್ತಿಯಾರ! ಮೂವತ್ತೊಂದ ವರ್ಷ ಆತ್ರಿ!’

‘ಸೀದ ವಾಸನಿಗೆ ವಯಸ್ಸಾಗಂಗಿಲ್ಲವ್ವ’ ಅಂದೆ.

ಇದನ್ನ ನಿಮಗ ಹೇಳಲೇಬೇಕು. ನಂದೀಶಂದು ಸುನಿತಾಂದು ಲಗ್ನ ಶಿಗ್ಲಿಯೊಳಗ ಆತು. ಬೆಲ್ಲದ ಗೋಧಿ ಹುಗ್ಗಿ ಮಾಡಿಸಿದ್ರು, ಇಷ್ಟ ದೊಡ್ಡ ಹಂಡೇದಾಗ. ಬಾಯಾಗ ಇಟ್ಟೆ, ತಳ ಹತ್ತಿದ ವಾಸನಿ! ನಾ ಗಂಡಿನ ತಾಯಿ, ಸುಮ್ಮನ ಹ್ಯಾಂಗಿರಲಿ? ‘ಹುಗ್ಗಿ ತಳ ಹತ್ತೇತಿ’ ಅಂದೆ. ಪಂಕ್ತಿಗೆ ಪಂಕ್ತೀನ ಕೈ ನಿಲ್ಲಿಸಿ ನನ್ನ ನೋಡ್ತು. ಆಗ ನನ್ನ ಮಗ್ಗಲಕ ಕುಂತಿದ್ದ ನಮ್ಮ ಮನಿಯವರು, ಇನ್ನೊಂದ ಸೌಟು ಹಾಕಿಸಿಕೊಂಡು, ದೊಡ್ಡ ದನೀಲೆ ಏನ ಅಂದ್ರು ಗೊತ್ತೈತೇನ್ರಿ? ‘ಎಲ್ಲೇತಿ? ಅಮೃತ ಆಗೇತಿ!’

ಅವತ್ತಿನಿಂದ ಶಿಗ್ಲಿಯೊಳಗ ನಾ ಖೊಟ್ಟಿ ನಾಲಗಿಯಾಕಿ. ನಮ್ಮ ಮನಿಯವರು ದೇವರಂಥಾ ಮನಷ್ಯಾ. ದೇವರಂಥಾ ಮನಷ್ಯಾ ದೇವರ ಕಡೆ ಹೋಗಿ ಎಂಟ ವರ್ಷ ಆತು, ‘ಹೌದ, ತಳ ಹತ್ತಿತ್ತು’ ಅಂತ ಒಂದ ಮಾತ ಹೇಳದ ಹೋದ್ರು. ಮೂವತ್ತೊಂದ ವರ್ಷ ಒಬ್ಬರೂ ನನ್ನ ಮಾತ ನಂಬಿಲ್ಲ. ನನ್ನ ಹೊಟ್ಟ್ಯಾಗಿನ ಬೆಂಕಿ ಆ ಹುಗ್ಗಿ ಕೆಳಗಿನ ಬೆಂಕಿಗಿಂತ ದೊಡ್ಡದು.

ಶೀತಲ್ ನಮ್ಮಿಬ್ಬರಿಗೂ ಮೊಮ್ಮಗಳು. ನಾ ಬೆಟಗೇರಿ ಅಮ್ಮ, ಸಾವಕ್ಕ ಶಿಗ್ಲಿ ಅಮ್ಮ. ಆಕಿನ ನಡುವ ಬಂದು, ‘ಬರೋ ತಿಂಗಳ ಹಿರೇರ ಸ್ಪರ್ಧಾ ಇಡತೀನಿ. ಅರವತ್ತೈದ ದಾಟಿದ ಹೆಣ್ಣಮಕ್ಕಳಿಗೆ ಐದನೂರು ಮೀಟರ್. ಅಲ್ಲೇ ಫೈಸಲ್ ಮಾಡ್ಕೋರಿ, ನನ್ನ ಊಟ ಮಾಡಾಕ ಬಿಡ್ರಿ’ ಅಂದ್ಲು.

ಪಂಥ ಕಟ್ಟಿದ್ವಿ. ಸೋತಾಕಿ ಮೈಕಿನ್ಯಾಗ ಒಪ್ಪಿಕೋಬೇಕು. ನಾ ಸೋತ್ರ ‘ಹುಗ್ಗಿ ಅಮೃತ ಆಗಿತ್ತು, ನನ್ನ ನಾಲಗಿ ಖೊಟ್ಟಿ.’ ಆಕಿ ಸೋತ್ರ ‘ತಳ ಹತ್ತಿತ್ತು.’

ಸಾವಕ್ಕ ಶಿಗ್ಲಿಗೆ ಹೋದ್ಲು. ಸುಮ್ಮನ ಕುಂತಿಲ್ಲ, ದಿನಾ ಬಸ್ ಹತ್ತಿ ಲಕ್ಷ್ಮೇಶ್ವರಕ್ಕ ಹೋಗಿ ಅಲ್ಲಿ ಯಾವದೋ ಜಿಮ್ಮಿನ್ಯಾಗ ಜಗ್ಗಾಕತ್ತಾಳ ಅಂತ ಸುನಿತಾನ ಫೋನಿನಿಂದ ಖಬರ ಬಂತು. (ಕದ್ದ ಕೇಳಿಲ್ಲ. ಸೊಸಿ ದನಿ ದೊಡ್ಡದು, ಬಾಗಲಾ ಸಣ್ಣದು.) ಮೂರ ನಿಮಿಷ ಒಂಬತ್ತಕ್ಕ ಬಂದಾಳಂತ. ನಾ ಮೂರ ನಿಮಿಷ ಹನ್ನೊಂದರಾಗ ಸಿಕ್ಕೊಂಡಿದ್ದೆ. ಮುಂಜಾನೆದ್ದು ರಾಗಿ ಗಂಜಿ ಕುಡದೆ, ಶೇಂಗಾ ಉಂಡಿ ತಿಂದೆ, ಮೊಣಕಾಲಿಗೆ ಎಣ್ಣಿ ತಿಕ್ಕಿಸಿಕೊಂಡೆ. ಆ ಎರಡ ಸೆಕೆಂಡು ಮಾತ್ರ ಅಲ್ಲೇ ಕುಂತಿತ್ತು, ಕದಲವಲ್ತು.

ಹಂತಾದರಾಗ ಸ್ಪರ್ಧಾದ ಹಿಂದಿನ ದಿನ ಶೀತಲ್ ಬಂದು, ‘ಅಮ್ಮ, ಸಣ್ಣ ವಯಸ್ಸಿನವರೂ ಹೆಸರ ಹಚ್ಚಿ ಮಂದಿ ಬಾಳ ಆಗ್ಯಾರ, ಜಿಮ್ಮಿನ್ಯಾಗ ಹಿಡಿಯಂಗಿಲ್ಲ. ಗದಗ ಸ್ಟೇಷನ್ ಹತ್ರ ಮಂಗಲ ಕಾರ್ಯಾಲಯ ತಗೊಂಡೀನಿ. ಶಿಗ್ಲಿ ಅಮ್ಮಗ ನೀನ ಫೋನ್ ಮಾಡಿ ಹೇಳು’ ಅಂತ ನನಗ ಒಪ್ಪಿಸಿದ್ಲು. ನನಗ! ಬೆಕ್ಕಿನ ಕೈಯಾಗ ಹಾಲಿನ ಪಾತೇಲಿ ಕೊಟ್ಟಂಗ.

ಈಗ ಒಂದ ಮಾತು. ನಮ್ಮ ಕಡೆ ನೀರಿನ ಮ್ಯಾಲ ಹೋಗೋದಕ್ಕೂ ಡೋಣಿ ಅಂತೀವಿ. ಮುಂಡರಗಿ ಕಡೆ ಕಪ್ಪತಗುಡ್ಡದ ಬುಡಕ ಒಂದ ಊರೈತಿ, ಅದಕ್ಕೂ ಡೋಣಿ ಅಂತೀವಿ.

‘ಬೀಗತ್ಯಾರ, ಸ್ಪರ್ಧಾ ಜಿಮ್ಮಿನ್ಯಾಗ ಅಲ್ಲಂತ್ರಿ’ ಅಂದೆ.

‘ಮತ್ತೆಲ್ಲೈತ್ರಿ?’

‘ಎಲ್ಲಿ ಅಂದ್ರ? ಡೋಣ್ಯಾಗರಿ.’

‘ಡೋಣ್ಯಾಗ? ಅಷ್ಟ ದೂರ? ಮುಂಡರಗಿ ಕಡೆ ಡೋಣಿ ಏನ್ರಿ?’

ಆವಾಗ ನನಗ ಕೆಮ್ಮು ಬಂತು. ಬಾಳ ಕೆಮ್ಮು. ಕೆಮ್ಮಕೋತ ಫೋನ್ ಇಟ್ಟೆ. ನಾ ಒಂದ ಸುಳ್ಳ ಹೇಳಿದ್ರ ಕೇಳ್ರಿ. ಸ್ಪರ್ಧಾ ಡೋಣ್ಯಾಗ ಕುಂತೇ ಅಲ್ಲೇನ್ರಿ ಮಾಡೋದು?

ಮರುದಿನ ಇಳಕಲ್ ಸೀರಿ ಉಟಗೊಂಡು ಹೋದೆ. ಹೆಸರ ಬರಕೊಳ್ಳೋರು, ಮೈಕ್ ಹಿಡದೋರು ಎರಡೂ ಹುಲಿಗೇಶ ಮಾಸ್ತರ. ಸಾಲ್ಯಾಗ ಆಟ ಕಲಸಿ ರಿಟೈರಾದವರು.

‘ಹೆಸರರಿ ಅಜ್ಜಿ?’

‘ಬಸವಣ್ಣೆವ್ವ.’

‘ಗಂಡನ ಹೆಸರು?’

ಲಗ್ನಾಗಿ ಐವತ್ತಾರ ವರ್ಷ, ಆ ಹೆಸರ ಈ ಬಾಯಾಗ ಬಂದಿಲ್ಲ. ಅವರ ಇದ್ದಾಗ ಬರಲಿಲ್ಲ, ಹೋದ ಮ್ಯಾಲ ಬರತೈತೇನು? ‘ಹಂಪಿ ದೇವರ ಹೆಸರ ಬರಕೋರಿ’ ಅಂದೆ. ಮಾಸ್ತರ ಜಾಣರು, ಬರಕೊಂಡ್ರು. ಆಮ್ಯಾಲ ಮೈಕಿನ್ಯಾಗ ಕೂಗಿದ್ರು: ‘ಬಸವಣ್ಣೆವ್ವ ಪಂಪಾಪತಿ!’

ಹೋಗಲಿ. ಅದೂ ಹಂಪಿ ದೇವರ ಹೆಸರ ಐತಿ.

ಕಾದ್ವಿ. ಸಾವಕ್ಕ ಇಲ್ಲ. ನನ್ನ ಮನಸ್ಸಿನ್ಯಾಗ ಬಾಜಾ ಭಜಂತ್ರಿ. ಆಗ ಮಾಸ್ತರು ಬಂದು, ‘ಅಜ್ಜಿ, ಅರವತ್ತೈದ ದಾಟಿದವರು ನೀವೊಬ್ಬರ ಅದೀರಿ. ನಿಮ್ಮ ಸ್ಪರ್ಧಾ ರದ್ದು’ ಅಂದ್ರು.

‘ಒಬ್ಬಾಕಿ ಇದ್ರ ನಾನ ಗೆದ್ದಂಗಲ್ಲೇನ್ರಿ?’

‘ಒಬ್ಬರ ಜಗ್ಗಿದ್ರ ಅದು ಸ್ಪರ್ಧಾ ಅಲ್ರಿ, ವ್ಯಾಯಾಮ.’

ಸ್ಪರ್ಧಾ ಇಲ್ಲ ಅಂದ್ರ ಪಂಥ ಇಲ್ಲ. ಪಂಥ ಇಲ್ಲ ಅಂದ್ರ ಆಕಿ ಒಪ್ಪಿಕೊಳ್ಳೋದಿಲ್ಲ. ಯಾರನ್ನ ದೂರ ಅಟ್ಟಿದೆನೋ ಅವರನ್ನ ಈಗ ಕೈ ಮುಗದು ಕರೀಬೇಕು! ಫೋನ್ ಹಚ್ಚಿದೆ.

‘ಬೀಗತ್ಯಾರ, ಎಲ್ಲದೀರಿ?’

‘ಎಲ್ಲಿ ಅಂದ್ರ? ಡೋಣ್ಯಾಗ!’ ಅಂತ ಒದರಿದ್ಲು. ‘ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮೂರ ಕಡೆ ಬಸ್ ಬದಲಿ ಮಾಡಿ ಬಂದೀನಿ. ಇಲ್ಲಿ ಕಟ್ಟಿ ಮ್ಯಾಲ ಕುಂತವರನ್ನ ಡೋಣಿ ಎಲ್ಲೈತ್ರಿ ಅಂದ್ರ, ಇದ ಡೋಣಿ ಬೇ ಯವ್ವಾ, ನಿಂತಿಯಲ್ಲ ಅಂತಾರ! ಅಲ್ಲಪಾ, ಜಗ್ಗೋ ಡೋಣಿ ಅಂದ್ರ, ಊರ ಹ್ಯಾಂಗ ಜಗ್ಗತಿ ಬೇ ಅಂತಾರ! ನೀವು ಕೆಮ್ಮಿದಾಗ ನನಗ ತಿಳೀಬೇಕಿತ್ತು!’

‘ತಪ್ಪ ಆತ್ರಿ. ಜಲ್ದಿ ಗದಗಕ್ಕ ಬರ್ರಿ. ಕೈ ಮುಗೀತೀನಿ.’

‘ಏನಂದ್ರಿ? ಕೇಳಸಲಿಲ್ಲ.’

‘ಕೈ ಮುಗೀತೀನಿ ಅಂದೆ!’ ಮೂರ ಸಲ ಹೇಳಿಸಿದ್ಲು. ನಾಲ್ಕನೇದಕ್ಕ ಕೇಳಸ್ತಂತ.

ಶೀತಲ್ ನನ್ನ ನೋಡಿದ ನೋಟಕ್ಕ ಹಸೀ ಕಟಗಿ ಹೊತ್ತತಿತ್ತು. ಆದ್ರೂ ಮಾಸ್ತರನ್ನ ಕಾಡಿ ಬೇಡಿ ನಮ್ಮ ಪಾಳಿ ಕಡೀಕ ಹಾಕಿಸಿದ್ಲು. ಒಂದೂವರಿ ತಾಸಿನ ಮ್ಯಾಲ ಟಂಟಂ ಆಟೋ ಒಂದು ಬಾಗಲಿಗೆ ಬಂದು ನಿಂತಿತು. ಸಾವಕ್ಕ ಇಳದ್ಲು. ತಲಿತುಂಬ ಧೂಳಾ, ಬಗಲಾಗ ಬ್ಯಾಗು, ಹಿಂದ ಟಂಟಂ ಓಡಸೋ ಬೀರಲಿಂಗ, ಈಗ ಏನ ಆಗತೈತಿ ಅಂತ ನೋಡಾಕ. ಆಕಿ ನೀರ ಸೈತ ಕುಡೀಲಿಲ್ಲ, ಕಚ್ಚಿ ಹಾಕಿ ಮಷಿನ್ ಮ್ಯಾಲ ಕುಂತ್ಲು.

‘ಸ್ವಲ್ಪ ದಣವಾರಿಸಿಕೊಳ್ರಿ’ ಅಂದೆ.

‘ನೀವು ಕೆಮ್ಮು ಆರಿಸಿಕೊಳ್ರಿ’ ಅಂದ್ಲು.

ಸೀಟಿ ಊದಿದ್ರು. ಜಗ್ಗಿದೆ. ಕಾಲು, ಬೆನ್ನು, ಕೈ. ಮಗ್ಗಲಕ್ಕ ಆಕಿ. ಇನ್ನೂರು ಮೀಟರ್‌ತನಕ ಬಾಯಿ ಮುಚ್ಚಿ ಜಗ್ಗಿದ್ವಿ, ಆಮ್ಯಾಲ ತಡಕೊಳ್ಳಾಕ ಆಗಲಿಲ್ಲ. ಒಂದ ಸಲ ಜಗ್ಗಿ ನಾ ‘ಹತ್ತಿತ್ತು!’ ಅಂದೆ. ಆಕಿ ಜಗ್ಗಿ ‘ಹತ್ತಿಲ್ಲ!’ ಅಂದ್ಲು. ‘ಹತ್ತಿತ್ತು!’ ‘ಹತ್ತಿಲ್ಲ!’ ಬೀಸೂಕಲ್ಲಿನ ಪದದಂಗ ತಾಳ ಕುಂತಬಿಟ್ಟಿತು. ಕುಂತ ಮಂದಿಗೂ ಹುರುಪ ಬಂತು. ಬೆಟಗೇರಿ ಹೆಣ್ಣಮಕ್ಕಳು ನನ್ನ ಕಡೆ ‘ಹತ್ತಿತ್ತು!’ ಅಂತ ಒದರಾಕ ಹತ್ತಿದ್ರ, ಬೀರಲಿಂಗ ಒಬ್ಬನ ಸಾವಕ್ಕನ ಕಡೆ ನಿಂತು ‘ಹತ್ತಿಲ್ಲ!’ ಅಂತ ಕುತಗಿ ಹರಕೊಂಡ. ಏನ ಹತ್ತಿತ್ತು, ಎಲ್ಲಿ ಹತ್ತಿತ್ತು ಅಂತ ಅವರಿಗೆ ಯಾರಿಗೂ ಗೊತ್ತಿಲ್ಲ.

ಕಡೀ ಐವತ್ತ ಮೀಟರ್‌ದಾಗ ಕಣ್ಣಿಗೆ ಕತ್ತಲಿ ಬಂತು. ಆ ಕತ್ತಲ್ಯಾಗ ಹಂಡೆ ಕಾಣ್ತು, ಹುಗ್ಗಿ ಕಾಣ್ತು, ‘ಅಮೃತ ಆಗೇತಿ’ ಅಂದ ಬಾಯಿ ಕಾಣ್ತು. ತಡೀರಿ ನಿಮಗ, ಅಂತ ಜಗ್ಗಿದೆ. ಮೂರ ನಿಮಿಷ ಎಂಟು. ಸಾವಕ್ಕಂದು ಮೂರ ನಿಮಿಷ ಒಂಬತ್ತು.

ಗೆದ್ದೆ! ಪದಕ ಕೊಳ್ಳಾಗ ಬೀಳೋದಕ್ಕ ಮೊದಲ, ‘ಮೈಕ್ ಕೊಡ್ರಿ ಆಕಿಗೆ!’ ಅಂದೆ.

ಸಾವಕ್ಕ ಮೈಕ್ ಹಿಡದು ಉಸರ ತಗೊಂಡ್ಲು. ‘ಹಿರೇರಿಗೆಲ್ಲಾ ಶರಣು. ಮೂವತ್ತೊಂದ ವರ್ಷದ ಹಿಂದ ನನ್ನ ಮಗಳ ಲಗ್ನದಾಗ ಹುಗ್ಗಿ ತಳ ಹತ್ತಿತ್ತು.’

ಯಪ್ಪಾ, ಆ ಮಾತು! ಕಿವಿಗೆ ತುಪ್ಪ ಸುರದಂಗ ಆತು. ಅಷ್ಟಕ್ಕ ಮೈಕ್ ಕಸಗೊಂಡಿದ್ರ ಛಲೋ ಇತ್ತು.

‘ಯಾಕ ಹತ್ತಿತ್ತು ಅನ್ನೋದನ್ನೂ ಹೇಳತೀನಿ’ ಅಂದ್ಲು. ‘ನಮ್ಮ ಬೀಗರಿಗೆ ಸಕ್ರಿ ಬ್ಯಾನಿ ಇತ್ತು. ಲಗ್ನದ ಪಂಕ್ತಿ ಬಿಟ್ರ ಬೀಗತ್ಯಾರು ಅವರಿಗೆ ಸಿಹಿ ಮುಟ್ಟಾಕ ಬಿಡತಿದ್ದಿಲ್ಲ. ಲಗ್ನದ ದಿನ ಬೆಳಗು ಹರಿಯೋದರಾಗ ಬೀಗರು ಕಳ್ಳಹೆಜ್ಜಿ ಇಟಗೊಂಡು ಅಡಿಗಿಮನಿಗೆ ಬಂದ್ರು. ಗಂಡಿನ ತಂದಿ ಬಂದಾರಂತ ಅಡಿಗಿ ಕುಬೇರಪ್ಪ ಹುಗ್ಗಿ ಕೈಯಾಡಸೋದ ಬಿಟ್ಟು ಮಣಿ ಹಾಕಿದ, ಬಡಿಸಿದ. ಒಂದ ಬಟ್ಟಲಾ, ಎರಡ ಬಟ್ಟಲಾ, ನಾಲ್ಕ ಬಟ್ಟಲಾ. ಅಷ್ಟರಾಗ ತಳ ಹತ್ತಿತು. ಬೀಗರು ನನಗ ಕೈ ಮುಗದು, ನಮ್ಮಾಕಿ ಮುಂದ ಹೇಳಬ್ಯಾಡ ತಂಗೀ ಅಂದ್ರು. ಅಣ್ಣಾ ಅಂತ ಮಾತ ಕೊಟ್ಟೆ. ಆಮ್ಯಾಲ ಪ್ರತಿ ವರ್ಷಾ ಬೀಜದ ಶೇಂಗಾ ನೋಡಾಕಂತ ಶಿಗ್ಲಿಗೆ ಬರತಿದ್ರು. ಶೇಂಗಾ ನೋಡಲಿಲ್ಲ. ಹುಗ್ಗಿ ಉಂಡು ಹೋಗತಿದ್ರು.’

ನಾ ಮೈಕ್ ಕಸಗೊಂಡೆ. ಏನ ಹೇಳಬೇಕಂತಿದ್ದೆನೋ ಗೊತ್ತಿಲ್ಲ. ಐವತ್ತಾರ ವರ್ಷ ಬಾಯಿಗೆ ಬರದ್ದು ಬಂದಬಿಟ್ಟಿತು:

‘ವಿರೂಪಾಕ್ಷಪ್ಪಾ!’

ಸುನಿತಾ ಬಾಯಿ ಮ್ಯಾಲ ಕೈ ಇಟಗೊಂಡ್ಲು. ಹುಲಿಗೇಶ ಮಾಸ್ತರು ಹಾಳಿ ತಿರುವಿ ನೋಡಿ, ‘ಅವರ್ಯಾರ್ರಿ? ನಿಮ್ಮವರು ಪಂಪಾಪತಿ ಅಲ್ರಿ?’ ಅಂದ್ರು.

ಸಾವಕ್ಕ ನನ್ನ ಮಗ್ಗಲಕ ಬಂದು, ‘ಗಂಡನ ಹೆಸರ ಹಂಗ ಬರೇ ಹೇಳತಾರೇನ್ರಿ ಬೀಗತ್ಯಾರ? ಒಡಪು ಹಾಕಿ ಹೇಳ್ರಿ’ ಅಂದ್ಲು. ಗಂಡನ ಹೆಸರಿಗೆ ಪ್ರಾಸ ಕಟ್ಟಿ ಹೇಳೋದಕ್ಕ ಒಡಪು ಅಂತೀವಿ. ಲಗ್ನ ಕುಬಸದಾಗ ಮುತ್ತೈದೇರು ಹಾಕತಾರ. ಗಂಡ ಸತ್ತಾಕಿ ಒಡಪು ಹಾಕಬಾರದು ಅಂತಾರ. ಹಂಗಂತ ಎಲ್ಲಿ ಬರದೈತೋ ನನಗ ಗೊತ್ತಿಲ್ಲ. ನಾ ಕಲತದ್ದು ಮೂರನೇ ಇಯತ್ತೆ, ಅಲ್ಲೀತನಕ ಅದು ಬಂದಿದ್ದಿಲ್ಲ. ಕೊಳ್ಳಾಗ ಪದಕ ಇತ್ತು, ಕೈಯಾಗ ಮೈಕ್ ಇತ್ತು. ಹಾಕಿದೆ:

‘ಡೋಣಿ ನಡಸಾಕ ಬೇಕ ನೀರು,
ಹುಗ್ಗಿ ತಳ ಹತ್ತಿಸಿದವರು ನಮ್ಮ ವಿರೂಪಾಕ್ಷಪ್ಪನವರು!’

ಬೀರಲಿಂಗ ಸೀಟಿ ಹೊಡದ. ಸಾವಕ್ಕ ನಕ್ಕೋತ ನನ್ನ ಹೆಗಲ ಮ್ಯಾಲ ಬಿದ್ಲು. ನಾ ನಗಲಿಲ್ಲ. ನಾ ಹೇಳಿದ್ದ ಖರೆ ಆತೋ ಇಲ್ಲೋ? ತಳ ಹತ್ತಿತ್ತೋ ಇಲ್ಲೋ? ಯಾರ ಹತ್ತಿಸಿದ್ರು ಅಂತ ನಾ ಯಾವತ್ತ ಕೇಳಿದ್ದೆ?

ಮರುದಿನ ಮನ್ಯಾಗ ಗೆದ್ದ ಖುಷಿಗೆ ಗೋಧಿ ಹುಗ್ಗಿ. ಸಾವಕ್ಕನ ನಿಂತು ಮಾಡಿದ್ಲು. ನಾ ಒಲಿ ಮುಂದ ಕುಂತು ಕಣ್ಣ ಮಿಟಗಸದ ಕಾದೆ. ತಳ ಹತ್ತಾಕ ಬಿಡಲಿಲ್ಲ. ಸುನಿತಾ ಒಂದ ಬಟ್ಟಲಾ ತುಂಬಿ, ಮ್ಯಾಲ ತುಪ್ಪ ಹಾಕಿ, ಪಡಸಾಲ್ಯಾಗ ಅವರ ಫೋಟೋದ ಮುಂದ ಎಡಿ ಇಡಾಕ ಹೊಂಟ್ಲು. ಗಾಜಿನ ಒಳಗ ಕುಂತು ನಗಾಕತ್ತಿದ್ರು, ದೇವರಂಥಾ ಮನಷ್ಯಾ.

‘ತಗಿ ಅದನ್ನ’ ಅಂದೆ. ‘ಅವರಿಗೆ ಸಕ್ರಿ ಬ್ಯಾನಿ ಐತಿ.’