ಟ್ಯಾಂಕರ್ ಅಣ್ಣ ನೀರು ಹಾಕಿದ ತೋಟ

ನಾನು ಟೀಚರಾಗಿರುವ ಅಂಗನವಾಡಿ ಹಿಂದೆ ತೋಟ ಮಾಡಿದರೆ ಮಕ್ಕಳಿಗೂ ಊರಿಗೂ ತಾಜಾ ಕಾಯಿಪಲ್ಲೆ ಸಿಗುತ್ತದೆ ಎಂದಷ್ಟೇ ಅಂದುಕೊಂಡಿದ್ದೆ. ನಗುವೂ ಇಷ್ಟೊಂದು ಬೆಳೆಯುತ್ತದೆಂದು ಗೊತ್ತಿರಲಿಲ್ಲ. ಅದಕ್ಕೆ ನೀರೂ ಬೇಡ, ಗೊಬ್ಬರವೂ ಬೇಡ.

ಗಾದಿಗನೂರಿನ ನಮ್ಮ ತೋಟಕ್ಕೆ ದಿನಾ ನೀರು ತರುತ್ತಿದ್ದವರು ಟ್ಯಾಂಕರ್ ಅಣ್ಣ. ಹೆಚ್ಚಾದ ಕಾಯಿಪಲ್ಲೆಯಲ್ಲಿ ಉಪ್ಪಿನಕಾಯಿ, ಸಂಡಿಗೆ ಮಾಡಿಡಲು ನಮ್ಮ ಸಂಘದ ಹೆಂಗಸರಿಗೆ ಕಲಿಸಿದವರು ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ. ಯುಗಾದಿ ಕಳೆದ ಮೇಲೆ ಒಂದು ದಿನ ಎದೆನೋವು ಎಂದ ಅಣ್ಣ ಹೊಸಪೇಟೆ ಆಸ್ಪತ್ರೆ ಮುಟ್ಟುವಷ್ಟರಲ್ಲೇ ಹೋಗಿಬಿಟ್ಟರು. ಅವತ್ತಿನಿಂದ ಅತ್ತಿಗೆ ಊಟ ಬಿಟ್ಟರು. ಅವರ ಬಾಯಿಗೆ ಒಂದು ತುತ್ತು ಹೋಗುವುದು ಹೇಗೆ ಎಂಬುದೇ ನಮಗೆಲ್ಲ ಚಿಂತೆಯಾಯಿತು. ಅವರ ಪಕ್ಕ ಕೂತಾಗ ನೆನಪಾದವು ಮೊದಲೆರಡು; ಮೂರನೆಯದು ಅಲ್ಲೇ ನಡೆದದ್ದು. ನನಗೆ ಬರೆಯುವಾಗ ಅಳು ಬಂತು, ನೀವು ಧಾರಾಳವಾಗಿ ನಗಬಹುದು.

೧. ಕೆಂಪು ಸಂಡಿಗೆ

ಮೊದಲ ವರ್ಷ ಬೂದುಗುಂಬಳ ಹೇರಳವಾಗಿ ಬಂತು. ಅತ್ತಿಗೆ ಹೇಳಿದಂತೆ ಸಂಡಿಗೆ ಇಟ್ಟು ಅಂಗನವಾಡಿ ಮಾಳಿಗೆ ಮೇಲೆ ಒಣಹಾಕಿದೆವು. ಕೆಳಗೆ ರಸ್ತೆಯಲ್ಲಿ ಗಣಿಯ ಅದಿರು ಲಾರಿಗಳು ದೂಳೆಬ್ಬಿಸುತ್ತ ಒಂದರ ಹಿಂದೊಂದು ಓಡುತ್ತಿದ್ದವು. ಮೇಲೆ ಹಳೇ ಸೀರೆ ಕಟ್ಟಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಸಂಜೆ ನೋಡಿದರೆ ಬಿಳಿ ಸಂಡಿಗೆಯೆಲ್ಲ ಕೆಂಪಾಗಿತ್ತು.

ತೋಟ ನೋಡಲು ಬಂದ ಮೇಲಧಿಕಾರಿ ಮೇಡಂ ಮಾಳಿಗೆ ಹತ್ತಿದ್ದೂ ಆಗಲೇ. ಅರೆಒಣಗಿದ ಸಂಡಿಗೆ ಕಂಡರೆ ಯಾರ ಕೈ ಸುಮ್ಮನಿರುತ್ತದೆ? ನಾನು ಬೇಡ ಎನ್ನುವಷ್ಟರಲ್ಲಿ ಒಂದು ಬಾಯಿಗೆ ಹಾಕಿಕೊಂಡರು.

"ಬಣ್ಣ ಚೆನ್ನಾಗಿ ಬಂದಿದೆ. ಆದ್ರೆ ಖಾರ ಸಾಲದು" ಎಂದರು.

ಏಣಿ ಹಿಡಿದು ನಿಂತಿದ್ದ ಅಣ್ಣ ವಿನಯದಿಂದ ಹೇಳಿದರು: "ಅದು ಖಾರಪುಡಿ ಅಲ್ರಿ ಮೇಡಂ, ಸಂಡೂರು ಗುಡ್ಡ."

೨. ಎಮ್ಮೆಯ ಪಾಲು

ಬೇಕಾದವರು ಒಯ್ಯಲಿ ಎಂದು ಗೇಟಿನ ಹತ್ತಿರ ಬುಟ್ಟಿಯಲ್ಲಿ ಸೊಪ್ಪು ಇಟ್ಟೆವು. ಒಬ್ಬರೂ ಮುಟ್ಟಲಿಲ್ಲ. ಮನೆಯಲ್ಲಿ ಬರೀ ಅನ್ನ, ಖಾರ ಉಣ್ಣುವವರು ಕೂಡ ಮುಖ ತಿರುಗಿಸಿ ಹೋದರು. ಪುಕ್ಕಟೆ ಒಯ್ದರೆ ಓಣಿಯಲ್ಲಿ ಮಾನ ಏನಾಗಬೇಕು? ಸಂಜೆಗೆ ಸೊಪ್ಪು ಬಾಡಿ ನನ್ನ ಹೊಟ್ಟೆ ಉರಿಯಿತು.

ಮರುದಿನ ಅಣ್ಣ ನೀರಿಗೆ ನಿಂತ ಹೆಂಗಸರ ಮುಂದೆ ಗೊಣಗಿದರು: "ಈ ಸೊಪ್ಪು ಚೆಲ್ಲೋದೈತಿ. ಯಾರಾರ ಎಮ್ಮಿಗೆ ಹಾಕೋದಿದ್ರ ಒಯ್ರವ್ವ."

ಬುಟ್ಟಿ ಖಾಲಿಯಾಯಿತು. ಎಮ್ಮೆ ಇಲ್ಲದವರೂ ಎಮ್ಮೆಗೆಂದು ಒಯ್ದರು. ಬಾಡಿಗೆಯ ಒಂದೇ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಸಾಕುತ್ತಿದ್ದ ಹೆಣ್ಣುಮಗಳೊಬ್ಬಳು ದಿನಾ ಬರತೊಡಗಿದಳು. ಒಂದು ದಿನ ತಲೆ ತಗ್ಗಿಸಿ ನಿಂತಳು.

"ಅಣ್ಣಾ, ನಮ್ಮ ಎಮ್ಮಿಗೆ ಮೆಂತೇಸೊಪ್ಪು ಭಾಳ ಸೇರತೈತಿ. ಒಂದೀಟು ಹಸಿಮೆಣಸಿನಕಾಯಿನೂ ಕೊಡ್ರಿ."

ಅಣ್ಣ ನಗಲಿಲ್ಲ. ಕೊಡುತ್ತ ಕೇಳಿದರು: "ಒಗ್ಗರಣಿಗೆ ಕರಿಬೇವು ಬ್ಯಾಡನು ಅದಕ್ಕ?"

೩. ಬದನೆಕಾಯಿ

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ಬುತ್ತಿ ಒಯ್ಯಬೇಕು. ಅಣ್ಣನ ಟ್ಯಾಂಕರ್ ನಿಂತು ತೋಟದ ಸೊಪ್ಪೆಲ್ಲ ಬಾಡಿತ್ತು, ತಡೆದು ನಿಂತದ್ದು ಬದನೆಗಿಡ ಒಂದೇ. ಹೀಗಾಗಿ ಒಬ್ಬಳು ಎಣ್ಣೆಗಾಯಿ ತಂದಳು, ಒಬ್ಬಳು ಪಲ್ಯ ತಂದಳು, ಇನ್ನೊಬ್ಬಳು ಬದನೆಕಾಯಿ ಸುಟ್ಟು ಬಜ್ಜಿ ಮಾಡಿ ತಂದಳು. ಅತ್ತಿಗೆ ಯಾವುದನ್ನೂ ಮುಟ್ಟಲಿಲ್ಲ. ನೀರು, ಚಹಾ, ಅಷ್ಟೇ. ಮುಖ ಬತ್ತಿಹೋಗಿತ್ತು. ಇವರನ್ನೂ ಕಳೆದುಕೊಳ್ಳುತ್ತೇವೇನೋ ಎಂದು ನನಗೆ ಭಯವಾಗಿತ್ತು.

ಒಂದು ಮಧ್ಯಾಹ್ನ ನಾನು ರೊಟ್ಟಿ, ಎಣ್ಣೆಗಾಯಿಯ ಡಬ್ಬಿ ತೆರೆದಾಗ ಅತ್ತಿಗೆ ತಲೆ ಎತ್ತಿದರು.

"ಟೀಚರ್, ಇವತ್ತೂ ಅದೇ ಏನ್ರಿ?"

"ಹೌದ್ರಿ ಅತ್ತಿಗಿ."

"ನಮ್ಮ ಮನ್ಯಾಗ ಬದನೀಕಾಯಿ ಒಳಗ ತಂದಿಲ್ಲ, ಗೊತ್ತೈತೇನು? ಅವ್ರಿಗೆ ಅದರ ವಾಸನಿನೂ ಆಗ್ತಿರಲಿಲ್ಲ. ನಿಮ್ಮ ಗಿಡಕ್ಕ ನೀರು ಹಾಕಿ ಬಂದು ಸೋಪು ಹಚ್ಚಿ ಕೈ ತೊಳಕೊಂತಿದ್ರು. ಅವ್ರು ಹೋಗಿದ್ದೇ ತಡ, ಊರೆಲ್ಲ ಕೂಡಿ ಅದನ್ನ ತಂದು ಇಡಾಕ ಹತ್ತೀರಿ."

ನಾಚಿಕೆಯಿಂದ ಕುಗ್ಗಿಹೋದೆ. ಬೇರೆ ಏನಾದರೂ ಮಾಡಿಕೊಂಡು ಬರುತ್ತೇನೆಂದು ಡಬ್ಬಿ ಮುಚ್ಚಹೋದೆ.

"ತಡೀರಿ, ಮುಚ್ಚಬ್ಯಾಡ್ರಿ" ಎಂದು ನನ್ನ ಕೈ ಹಿಡಿದರು. "ನನಗ ಭಾಳ ಸೇರತೈತ್ರಿ. ಮದುವಿಗೆ ಮುಂಚೆ ನಮ್ಮ ತವರೂರು ಮೆಟ್ರಿಯಾಗ ತಿಂದದ್ದೇ ಕಡೀ."

ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದರು. ಬಾಯಿಯ ತನಕ ಹೋದ ಕೈ ಅಲ್ಲೇ ನಿಂತಿತು. ಎದುರಿಗೆ ಗೂಡಿನಲ್ಲಿ ಹೂಮಾಲೆ ಹಾಕಿದ ಅಣ್ಣನ ಫೋಟೋ ಇತ್ತು.

ಅತ್ತಿಗೆ ತುತ್ತನ್ನು ಕೆಳಗಿಟ್ಟು ಎದ್ದರು. ಆಯಿತು, ಇನ್ನು ಇವರು ಉಣ್ಣುವುದಿಲ್ಲ ಎಂದು ನನ್ನ ಕಣ್ಣು ತುಂಬಿಬಂತು. ಅವರು ಫೋಟೋದ ಹತ್ತಿರ ಹೋಗಿ, ಮಾಲೆ ಕೆಡದಂತೆ ಮೆಲ್ಲಗೆ ಅದನ್ನು ಗೋಡೆಯ ಕಡೆ ತಿರುಗಿಸಿದರು.

"ಸ್ವಲ್ಪ ಹೊತ್ತು ಆ ಕಡಿ ನೋಡ್ರಿ" ಎಂದರು. "ಹೊಟ್ಟಿ ಹಸದೈತಿ."