ಅಡುಗೆಮನೆಯ ಫರಸಿಯಲ್ಲಿ ಅರಳಿದ್ದು

ಪಾಠ ಹೇಳುವವರಿಗೆ ಒಂದು ಜಡ್ಡು ಇರುತ್ತದೆ. ಎಲ್ಲಿ ನೋಡಿದರೂ ತಮ್ಮ ಪಾಠವೇ ಕಾಣುತ್ತದೆ. ಎಪ್ಪತ್ತರ ದಶಕದ ಕೊನೆಗೆ ಬಾಗಲಕೋಟೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ಅದು ರೊಟ್ಟಿ ಉಣ್ಣಲು ಕೂತಾಗ ಕಾಣಿಸಿತು. ತಾಟಿನ ಪಕ್ಕ ನೆಲಕ್ಕೆ ಹಾಸಿದ ಫರಸಿಗಲ್ಲಿನ ಮೇಲೆ ಕಪ್ಪನೆಯ ಟೊಂಗೆ, ಅದಕ್ಕೆ ಕವಲು, ಕವಲಿನ ತುದಿಗೆ ಹೂಗೊಂಚಲಿನಂಥದ್ದೇನೋ. ಡೈನೋಸಾರ್‌ಗಳ ಕಾಲದಲ್ಲೇ ಹೂಬಿಡುವ ಗಿಡಗಳಿದ್ದವು, ಅವುಗಳ ಪಳೆಯುಳಿಕೆ ಕಲ್ಲಿನಲ್ಲಿ ಸಿಗುತ್ತದೆ ಎಂದು ಅದೇ ವಾರ ಹುಡುಗರಿಗೆ ಹೇಳಿದ್ದೆ. ಆ ಕಲೆಯನ್ನು ಹೆಂಡತಿ ಶಾಂತಾ ಎಷ್ಟೋ ಸಲ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳಂತೆ, ಹೋಗಿರಲಿಲ್ಲ. ಹೋಗದಿರುವುದೇ ಇದು ಪಳೆಯುಳಿಕೆ ಎಂಬುದಕ್ಕೆ ಪುರಾವೆ ಎಂದೆ.

ಮನೆ ಬಾಡಿಗೆಯದು. ಮನೆಯೊಡತಿ ಗಂಗವ್ವ ಗುಳೇದಗುಡ್ಡದ ಮಗಳ ಮನೆಗೆ ಹೋದದ್ದು ನೋಡಿ ಹಾರೆ ಹಾಕಿದೆ. ಫರಸಿ ಎದ್ದಿತು, ಎರಡು ತುಂಡಾಗಿ. ಒಲೆಯ ಮುಂದೊಂದು ತಗ್ಗು ಬಿತ್ತು. ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಗೆಳೆಯ ವಿರೂಪಾಕ್ಷನಿಗೆ ಹೇಳಿ ಕಳಿಸಿದೆ. ರವಿವಾರ ಬಂದವನು ಕೂಡುವ ಮೊದಲೇ ಕಲ್ಲು ನೋಡಿದ.

"ಇದು ಗಿಡ ಅಲ್ಲೋ. ಸೀಳಿನ್ಯಾಗ ನೀರು ಇಳದು ಮ್ಯಾಂಗನೀಸ್ ಬಿಟ್ಟು ಹೋದ ಗೆರಿ. ಈ ಕಲ್ಲು ಹುಟ್ಟಿದಾಗ ಭೂಮಿ ಮ್ಯಾಲ ಹೂ ಬಿಡು, ಹುಲ್ಲೂ ಇರಲಿಲ್ಲ."

ನನ್ನ ಮುಖ ನೋಡಿ ಅವನಿಗೆ ಮರುಕ ಬಂದಿರಬೇಕು. ಚೀಲದಿಂದ ಸುಟ್ಟ ಬಟಾಟೆಯಂಥ ಒಂದು ಕಲ್ಲು ತೆಗೆದ. ಮಧ್ಯಪ್ರದೇಶದ ಕಡೆ, ಲಾವಾ ಹರಿದು ಮುಚ್ಚಿದ ಕೆರೆಯ ತಳದಲ್ಲಿ ಸಿಕ್ಕದ್ದು. ಡೈನೋಸಾರ್‌ಗಳ ಕಾಲದ ಹೂಗಿಡದ್ದೇ ಎಂದ. ಭೂತಗನ್ನಡಿ ಹಿಡಿದರೆ ಅದರೊಳಗೆ ಕಾಯಿಯೊಂದರ ಹೋಳು, ಗೂಡುಗೂಡು, ಗೂಡಿಗೊಂದು ಬೀಜ. ಶಾಂತಾ ಕನ್ನಡಿ ಕಸಿದುಕೊಂಡು ಕೂತಳು. ಸಾರು ಉಕ್ಕಿದ್ದು ಯಾರಿಗೂ ತಿಳಿಯಲಿಲ್ಲ. ಹೂವಿನ ಬಣ್ಣ ಯಾವುದಿತ್ತು, ವಾಸನೆ ಇತ್ತೇ ಎಂದು ಕೇಳಿದಳು. ಇಬ್ಬರು ಮಾಸ್ತರರಿಗೂ ಗೊತ್ತಿರಲಿಲ್ಲ.

"ಆವಾಗ ಮುಡಿಯೋರು ಯಾರೂ ಇರಲಿಲ್ಲ. ಮತ್ತ ಯಾರಿಗಂತ ಅರಳಿತ್ರಿ ಇದು?"

ಹುಳಹುಪ್ಪಡಿಗೆ ಎಂದೆ. ಉತ್ತರ ಸರಿಯೇ, ಆದರೂ ಅವಳಿಗೆ ಸಾಲಲಿಲ್ಲ, ನಿಜ ಹೇಳಬೇಕೆಂದರೆ ನನಗೂ.

ಅಷ್ಟರಲ್ಲಿ ಗಂಗವ್ವ ಬಂದರು. ತಗ್ಗು ನೋಡಿ ಏನಿದು ಎಂದರು. ಉತ್ತರದ ಬದಲು ಶಾಂತಾ ಅವರ ಕೈಗೆ ಭೂತಗನ್ನಡಿ ಕೊಟ್ಟಳು, ವಿರೂಪಾಕ್ಷ ಎಲ್ಲವನ್ನೂ ಬಿಡಿಸಿ ಹೇಳಿದ. ಗಂಗವ್ವ ಬಹಳ ಹೊತ್ತು ಆ ಕಾಯಿ ನೋಡಿದರು.

"ನಮ್ಮ ಫರಸಿಯೊಳಗಿಂದೂ ಖರೇ ಹೂ ಆಗಿದ್ರ ನಾನೂ ಹಾರಿಗೆ ಕೈ ಹಚ್ಚತಿದ್ದೆ ಸರ. ಹೂ ಅಲ್ಲ ಅಂದಮ್ಯಾಲ ತಿರುಗಿ ಹಾಕಿಸಿಕೊಡ್ರಿ."

ಹಾಕಿಸಿದೆ, ಆ ಟೊಂಗೆಯ ಚಿತ್ರ ಮೇಲೆ ಕಾಣುವಂತೆಯೇ. ಅಂದಿನಿಂದ ಊಟಕ್ಕೆ ಬಂದವರಿಗೆಲ್ಲ ಅದು ಹೇಗೆ ಪಳೆಯುಳಿಕೆಯಲ್ಲ ಎಂದು ವಿವರಿಸತೊಡಗಿದೆ. ಒಮ್ಮೆ ಬೀಗರೊಬ್ಬರಿಗೆ ಶಾಂತಾ ಮೆಲ್ಲಗೆ ಹೇಳುತ್ತಿದ್ದಳು: "ಹೂ ಅಂತ ತಿಳಕೊಂಡಾಗ ಇವರು ಎರಡ ಮಾತಿನ್ಯಾಗ ಮುಗಸತಿದ್ರು. ಈಗ ಲಗೂನ ಮುಗಿಯೂದಿಲ್ಲ, ನೀವು ಉಣ್ಣಕೋತನ ಕೇಳ್ರಿ."